ಜೀವಕೋಶಗಳ ನಡುವೆ ಏನಿದೆ? ಸಂಯೋಜಕ ಅಂಗಾಂಶದ ಬಗ್ಗೆ ಓದುಗರ ಪ್ರಶ್ನೆಗಳಿಗೆ ವೈದ್ಯರ ಉತ್ತರ

ಈ ಬಾರಿ ಮುಂಬಯಿ, ಪುಣೆ ಮತ್ತು ಗೋವಾದ ಓದುಗರು ಬರೆದಿರುವ ಪತ್ರಗಳಲ್ಲಿ ಹಲವು ಮೇಲ್ನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲದಂತೆ ಕಂಡರೂ ದೇಹದ ಒಂದೇ ಅಂಗಾಂಶವನ್ನು ಕುರಿತಿವೆ. ಹಿಮ್ಮಡಿಯ ನೋವು, ಕಿವಿಯ ಮೇಲಿನ ಗಂಟು, ಔಷಧಿ ಅಂಗಡಿಯ ಕೊಲಾಜೆನ್ ಪುಡಿ, ಇವೆಲ್ಲಕ್ಕೂ ಉತ್ತರ ಸಂಯೋಜಕ ಅಂಗಾಂಶದಲ್ಲಿಯೇ ಇರುವುದರಿಂದ ಅವನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಮೊದಲನೆಯ ಉತ್ತರವನ್ನು ಸ್ವಲ್ಪ ಸಾವಧಾನವಾಗಿ ಓದಿಕೊಂಡರೆ ಉಳಿದವು ಸುಲಭವಾಗುತ್ತವೆ.

ಪ್ರಶ್ನೆ: ನಾನು ಡೊಂಬಿವಲಿಯಲ್ಲಿದ್ದು ಬಿ.ಎಸ್‌ಸಿ. ಮೊದಲ ವರ್ಷದಲ್ಲಿ ಓದುತ್ತಿದ್ದೇನೆ. ರಕ್ತ ಹರಿಯುತ್ತದೆ, ಮೂಳೆ ಗಟ್ಟಿಯಾಗಿದೆ, ಕೊಬ್ಬು ಮೆತ್ತಗಿದೆ. ಈ ಮೂರನ್ನೂ ಪಠ್ಯಪುಸ್ತಕವು ಸಂಯೋಜಕ ಅಂಗಾಂಶವೆಂದು ಒಂದೇ ಗುಂಪಿಗೆ ಸೇರಿಸುತ್ತದೆ. ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೇನೆ, ಆದರೆ ಮನಸ್ಸು ಒಪ್ಪುತ್ತಿಲ್ಲ. ಇವುಗಳಲ್ಲಿ ಸಮಾನವಾಗಿರುವುದು ಏನು?

ಉತ್ತರ: ಅಂಗಾಂಶವೆಂದರೆ ಒಂದೇ ಬಗೆಯ ಜೀವಕೋಶಗಳ ಗುಂಪು ಎಂದು ಶಾಲೆಯಲ್ಲಿ ಕಲಿಯುತ್ತೇವೆ. ಚರ್ಮದ ಹೊರಪದರಕ್ಕೆ, ಕರುಳಿನ ಒಳಪೊರೆಗೆ, ಸ್ನಾಯುವಿಗೆ ಈ ಮಾತು ಚೆನ್ನಾಗಿಯೇ ಒಪ್ಪುತ್ತದೆ, ಏಕೆಂದರೆ ಅಲ್ಲಿ ಜೀವಕೋಶಗಳು ಒತ್ತೊತ್ತಾಗಿ ಕೂತಿರುತ್ತವೆ ಮತ್ತು ಅಂಗಾಂಶದ ಕೆಲಸವನ್ನು ಆ ಕೋಶಗಳೇ ಮಾಡುತ್ತವೆ. ಸಂಯೋಜಕ ಅಂಗಾಂಶದಲ್ಲಿ ಲೆಕ್ಕ ತಿರುವುಮುರುವು. ಅಲ್ಲಿ ಸಾಮಾನ್ಯವಾಗಿ ಕೋಶಗಳು ವಿರಳವಾಗಿ ಹರಡಿಕೊಂಡಿರುತ್ತವೆ, ಅವುಗಳ ನಡುವಿನ ಜಾಗವೇ ಹೆಚ್ಚಿರುತ್ತದೆ, ಆ ಜಾಗವನ್ನು ಮಾತೃಕೆ ಎಂಬ ವಸ್ತು ತುಂಬಿರುತ್ತದೆ. ಭಾರ ಹೊರುವುದು, ಎಳೆತ ತಡೆಯುವುದು, ನೀರು ಹಿಡಿದಿಟ್ಟುಕೊಳ್ಳುವುದು ಮುಂತಾಗಿ ನಾವು ಈ ಅಂಗಾಂಶದ ಕಾರ್ಯಗಳೆಂದು ಪಟ್ಟಿ ಮಾಡುವುದರಲ್ಲಿ ಬಹುಪಾಲು ಮಾತೃಕೆಯದೇ. ಆದ್ದರಿಂದ ಕೋಶಗಳನ್ನು ನೋಡುತ್ತ ಹೋಲಿಕೆ ಹುಡುಕಿದರೆ ಸಿಗುವುದು ಕಷ್ಟ. ಅವುಗಳ ನಡುವೆ ಏನಿದೆ ಎಂದು ನೋಡಿದಾಗ ಗುಂಪಿನ ಅರ್ಥ ತಿಳಿಯುತ್ತದೆ.

ಮಾತೃಕೆಯಲ್ಲಿ ಎರಡು ಭಾಗಗಳಿವೆ. ಒಂದು ನಾರುಗಳು: ಎಳೆತಕ್ಕೆ ಜಗ್ಗದ ಕೊಲಾಜೆನ್ ನಾರು, ಎಳೆದು ಬಿಟ್ಟರೆ ಮೊದಲಿನ ಉದ್ದಕ್ಕೆ ಮರಳುವ ಎಲಾಸ್ಟಿನ್ ನಾರು, ಮತ್ತು ಗುಲ್ಮ, ದುಗ್ಧಗ್ರಂಥಿ, ಮೂಳೆಮಜ್ಜೆಗಳಲ್ಲಿ ಕೋಶಗಳಿಗೆ ಆಸರೆಯಾಗಿ ಬಲೆ ಕಟ್ಟುವ, ಕೊಲಾಜೆನ್ನಿನದೇ ಒಂದು ಬಗೆಯಾದ ಸೂಕ್ಷ್ಮ ರೆಟಿಕ್ಯುಲರ್ ನಾರು. ಇನ್ನೊಂದು, ಈ ನಾರುಗಳ ನಡುವೆ ತುಂಬಿಕೊಂಡಿರುವ ಲೋಳೆಯಂಥ ಆಧಾರವಸ್ತು. ಸಕ್ಕರೆಯ ಅಣುಗಳ ಉದ್ದುದ್ದ ಸರಪಳಿಗಳು ಮತ್ತು ಅವುಗಳಿಗೆ ಅಂಟಿಕೊಂಡ ಪ್ರೋಟೀನುಗಳಿಂದ ಅದು ಆಗಿದೆ. ಈ ಸರಪಳಿಗಳಲ್ಲಿ ಋಣ ವಿದ್ಯುದಂಶ ಹೇರಳವಾಗಿರುವುದರಿಂದ ಅವು ಸೋಡಿಯಂ ಅಯಾನುಗಳನ್ನೂ ಅವುಗಳ ಹಿಂದೆ ನೀರನ್ನೂ ಸೆಳೆದು ಹಿಡಿಯುತ್ತವೆ. ಆಧಾರವಸ್ತುವಿನ ಬಹುಭಾಗ ನೀರಾಗಿದ್ದೂ ಅದು ಹರಿದುಹೋಗದಿರುವುದು ಇದರಿಂದಲೇ.

ಈಗ ನಿಮ್ಮ ಮೂರು ಉದಾಹರಣೆಗಳಿಗೆ ಬರೋಣ. ಕೊಲಾಜೆನ್ ನಾರುಗಳ ಮೇಲೆ ಕ್ಯಾಲ್ಸಿಯಂ ಮತ್ತು ಫಾಸ್ಫೇಟಿನ ಹರಳುಗಳು ಕೂತರೆ ಆಗುವುದು ಮೂಳೆ. ರಕ್ತದ ಮಾತೃಕೆ ದ್ರವರೂಪದ ಪ್ಲಾಸ್ಮಾ. ಅದರಲ್ಲಿ ನಾರು ಕಾಣುವುದಿಲ್ಲ, ಆದರೆ ಗಾಯವಾದಾಗ ಪ್ಲಾಸ್ಮಾದಲ್ಲಿ ಕರಗಿರುವ ಫೈಬ್ರಿನೋಜೆನ್ ಎಂಬ ಪ್ರೋಟೀನು ಫೈಬ್ರಿನ್ ನಾರಾಗಿ ಹೆಣೆದುಕೊಂಡು ರಕ್ತ ಹೆಪ್ಪುಗಟ್ಟುತ್ತದೆ. ನಿಮ್ಮ ಸಂಶಯ ರಕ್ತದ ವಿಷಯದಲ್ಲಿ ನಿರಾಧಾರವೇನಲ್ಲ. ಮೂಳೆಯ ಮಾತೃಕೆಯನ್ನು ಮೂಳೆಯ ಕೋಶಗಳೇ ತಯಾರಿಸುತ್ತವೆ, ಆದರೆ ಪ್ಲಾಸ್ಮಾದ ಪ್ರೋಟೀನುಗಳಲ್ಲಿ ಹೆಚ್ಚಿನವು ಯಕೃತ್ತಿನಿಂದ ಬರುತ್ತವೆ, ಹಾಗಾಗಿ ರಕ್ತವನ್ನು ಈ ಗುಂಪಿನಲ್ಲಿ ‘ವಿಶೇಷ’ ಎಂಬ ಹಣೆಪಟ್ಟಿಯೊಂದಿಗೆ ಇಡುತ್ತಾರೆ. ಕೊಬ್ಬು ಇನ್ನೊಂದು ಬಗೆಯ ಅಪವಾದ. ಅಲ್ಲಿ ಮಾತೃಕೆ ಕಡಿಮೆ, ಕೋಶವೇ ದೊಡ್ಡದು, ಒಂದೇ ಕೊಬ್ಬಿನ ಹನಿ ಕೋಶವನ್ನೆಲ್ಲ ತುಂಬಿ ಕೋಶಕೇಂದ್ರವನ್ನು ಅಂಚಿಗೆ ತಳ್ಳಿರುತ್ತದೆ. ಆದರೂ ಇವೆಲ್ಲವೂ ಭ್ರೂಣದಲ್ಲಿ ಮುಖ್ಯವಾಗಿ ಮಧ್ಯಪದರದಿಂದ ಹುಟ್ಟುವ ಮೀಸೆನ್‌ಕೈಮ್ ಎಂಬ ಒಂದೇ ಮೂಲದಿಂದ ಬರುತ್ತವೆ. ಗುಂಪಿಗೆ ಸೇರಿಸಲು ಮಾತೃಕೆ ಒಂದು ಕಾರಣವಾದರೆ ಈ ಹುಟ್ಟು ಇನ್ನೊಂದು ಕಾರಣ.

ಇದನ್ನು ಕಣ್ಣಾರೆ ನೋಡಬೇಕೆಂದಿದ್ದರೆ ಕೋಳಿ ಅಂಗಡಿಯಲ್ಲಿ ಚರ್ಮ ಸುಲಿಯುವಾಗ ಗಮನಿಸಿ. ಚರ್ಮವನ್ನು ಮಾಂಸದಿಂದ ಎಳೆದಂತೆ ನಡುವೆ ತೆಳ್ಳಗಿನ, ಒದ್ದೆಯಾದ, ಅರೆಪಾರದರ್ಶಕ ಪೊರೆಯೊಂದು ಹಿಗ್ಗಿ ಎಳೆಎಳೆಯಾಗಿ ಹರಿಯುತ್ತದೆ. ಅದೇ ಸಡಿಲ ಸಂಯೋಜಕ ಅಂಗಾಂಶ, ನಿಮ್ಮ ಪುಸ್ತಕದ ಏರಿಯೋಲಾರ್ ಅಂಗಾಂಶ. ಹರಿಯುವ ಎಳೆಗಳು ನಾರಿನ ಕಟ್ಟುಗಳು, ಕೈಗೆ ಹತ್ತುವ ಜಿಗುಟು ಆಧಾರವಸ್ತು. ಚರ್ಮ ಮಾಂಸದ ಮೇಲೆ ಜಾರಿದರೂ ಕಳಚಿಹೋಗದಿರುವುದು ಈ ಪೊರೆಯಿಂದ.

ಪ್ರಶ್ನೆ: ಪುಣೆಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೇನೆ. ಕೆಲವೊಮ್ಮೆ ಸೂಜಿ ರಕ್ತನಾಳದಿಂದ ಜಾರಿ ಸಲೈನ್ ಹೊರಗೆ ಹೋದರೆ ಕೈ ಉಬ್ಬುತ್ತದೆ, ಕೆಲವು ಗಂಟೆಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಅಷ್ಟು ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿಗೆ ಹೋಗುತ್ತದೆ? ಅಲ್ಲಿ ಯಾವ ಜೀವಕೋಶಗಳಿರುತ್ತವೆ?

ಉತ್ತರ: ಅದು ನಿಲ್ಲುವುದು ಮೇಲೆ ಹೇಳಿದ ಸಡಿಲ ಸಂಯೋಜಕ ಅಂಗಾಂಶದಲ್ಲಿ, ನಾರುಗಳ ನಡುವಿನ ಆಧಾರವಸ್ತುವಿನಲ್ಲಿ. ಆ ಜಾಗ ಹಿಗ್ಗಬಲ್ಲದು, ಆದರೆ ಮೇಲೆ ಹೇಳಿದ ಸಕ್ಕರೆ ಸರಪಳಿಗಳಲ್ಲೊಂದಾದ ಹೈಯಲುರಾನಿಕ್ ಆಮ್ಲದ ಜಾಲವು ದ್ರವವನ್ನು ಸರಾಗವಾಗಿ ಹರಡಲು ಬಿಡುವುದಿಲ್ಲವಾದ್ದರಿಂದ ಉಬ್ಬು ಒಂದೆಡೆ ನಿಲ್ಲುತ್ತದೆ. ಬಳಿಕ ನೀರು ಮತ್ತು ಲವಣ ಲೋಮನಾಳಗಳ ಮೂಲಕವೂ ದುಗ್ಧನಾಳಗಳ ಮೂಲಕವೂ ರಕ್ತಕ್ಕೆ ಮರಳುತ್ತವೆ. ಈ ಜಾಲವನ್ನು ಕತ್ತರಿಸುವ ಹೈಯಲುರಾನಿಡೇಸ್ ಎಂಬ ಕಿಣ್ವವನ್ನು ಚುಚ್ಚಿದರೆ ದ್ರವ ಬೇಗ ಹರಡುತ್ತದೆ. ಕೆಲವು ಬ್ಯಾಕ್ಟೀರಿಯಾಗಳೂ ಹಲವು ಹಾವುಗಳ ವಿಷವೂ ದೇಹದೊಳಗೆ ದಾರಿ ಮಾಡಿಕೊಳ್ಳುವಾಗ ಇದೇ ಕಿಣ್ವದ ನೆರವು ಪಡೆಯುತ್ತವೆ. ಎಂದರೆ, ನೀವು ದಿನವೂ ಸೂಜಿ ಹಾಯಿಸುವ ಆ ತೆಳ್ಳಗಿನ ಪದರ ಸೋಂಕಿಗೆ ಒಂದು ತಡೆಯೂ ಹೌದು.

ತಡೆ ಎಂದ ಮೇಲೆ ಕಾವಲೂ ಇರಬೇಕು. ಅಲ್ಲಿನ ಖಾಯಂ ನಿವಾಸಿ ಫೈಬ್ರೋಬ್ಲಾಸ್ಟ್, ಇಕ್ಕೆಲಗಳಲ್ಲಿ ಚೂಪಾಗಿರುವ ಚಪ್ಪಟೆ ಕೋಶ. ನಾರುಗಳನ್ನೂ ಆಧಾರವಸ್ತುವನ್ನೂ ತಯಾರಿಸಿ ಹೊರಹಾಕುವುದು ಅದರ ಕೆಲಸ. ಅದರ ಜೊತೆಗೆ ಮ್ಯಾಕ್ರೋಫೇಜ್ ಇರುತ್ತದೆ, ಹೊರಗಿನಿಂದ ಬಂದ ಕಣಗಳನ್ನೂ ಸತ್ತ ಕೋಶಗಳ ಚೂರುಗಳನ್ನೂ ನುಂಗಿ ಜೀರ್ಣಿಸುತ್ತದೆ. ಕೋಶಗಳು ಹೀಗೆ ನುಂಗುವುದು ರಕ್ಷಣೆಯ ಕೆಲಸವೆಂದು ರಷ್ಯದ ಜೀವವಿಜ್ಞಾನಿ ಮೆಚ್ನಿಕಾಫ್ ಗ್ರಹಿಸಿದ್ದು 1882ರಲ್ಲಿ, ಇಟಲಿಯ ಮೆಸ್ಸಿನಾದಲ್ಲಿ, ನಕ್ಷತ್ರಮೀನಿನ ಪಾರದರ್ಶಕ ಮರಿಯೊಳಗೆ ಮುಳ್ಳು ಚುಚ್ಚಿ ಅದರ ಸುತ್ತ ಕೋಶಗಳು ನೆರೆಯುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡಾಗ. ರಕ್ತನಾಳಗಳ ಪಕ್ಕದಲ್ಲೇ ಬೀಡುಬಿಟ್ಟಿರುವ ಇನ್ನೊಂದು ಕೋಶ ಮಾಸ್ಟ್ ಕೋಶ. ಅದಕ್ಕೆ ಆ ಹೆಸರಿಟ್ಟವರು ಜರ್ಮನಿಯ ವೈದ್ಯವಿಜ್ಞಾನಿ ಪಾಲ್ ಎರ್ಲಿಖ್, 1878ರ ತಮ್ಮ ಪ್ರಬಂಧದಲ್ಲಿ. ಅದರೊಳಗೆ ತುಂಬಿರುವ ಕಣಗಳಲ್ಲಿ ಹಿಸ್ಟಮಿನ್ ಮತ್ತು ಹೆಪರಿನ್ ಎಂಬ ರಾಸಾಯನಿಕಗಳಿವೆ. ಔಷಧಿಯೊಂದು ಒಗ್ಗದೆ ರೋಗಿಯ ಮೈಮೇಲೆ ದದ್ದುಗಳೆದ್ದು ಕೆರೆತವಾಗುವುದನ್ನು ನೀವು ನೋಡಿಯೇ ಇರುತ್ತೀರಿ. ಹಾಗಾಗುವುದು ಮಾಸ್ಟ್ ಕೋಶಗಳು ಆ ಕಣಗಳನ್ನು ಒಮ್ಮೆಲೇ ಹೊರಚೆಲ್ಲಿ ರಕ್ತನಾಳಗಳಿಂದ ದ್ರವ ಸೋರುವಂತೆ ಮಾಡುವುದರಿಂದ. ಪ್ರತಿಕಾಯಗಳನ್ನು ತಯಾರಿಸುವ ಪ್ಲಾಸ್ಮಾ ಕೋಶಗಳು, ಅಲ್ಲಲ್ಲಿ ಕೊಬ್ಬಿನ ಕೋಶಗಳು, ಸೋಂಕಾದಾಗ ರಕ್ತದಿಂದ ಧಾವಿಸಿ ಬರುವ ಬಿಳಿ ರಕ್ತಕಣಗಳು ಇವಿಷ್ಟೂ ಅದೇ ಜಾಗದಲ್ಲಿ ಓಡಾಡುತ್ತವೆ.

ಒಂದು ಎಚ್ಚರಿಕೆಯ ಮಾತು ನಿಮಗೆ ಗೊತ್ತಿದ್ದರೂ ಇತರ ಓದುಗರಿಗಾಗಿ ಹೇಳಬೇಕು. ತಾನಾಗಿ ಇಳಿಯುವುದು ಬರಿಯ ಸಲೈನ್‌ನ ಉಬ್ಬು. ಕ್ಯಾನ್ಸರಿನ ಕೆಲವು ಔಷಧಿಗಳು, ಕ್ಯಾಲ್ಸಿಯಂ ದ್ರಾವಣ ಮುಂತಾದವು ರಕ್ತನಾಳದಿಂದ ಹೊರಗೆ ಸೋರಿದರೆ ಅಂಗಾಂಶವೇ ಕೊಳೆಯಬಹುದು. ಡ್ರಿಪ್ ಹಾಕಿಸಿಕೊಂಡವರು ಉರಿ ಅಥವಾ ಊತ ಕಂಡ ಕೂಡಲೇ ಸಂಕೋಚಪಡದೆ ಸಿಸ್ಟರನ್ನು ಕರೆಯಬೇಕು.

ಪ್ರಶ್ನೆ: ಮಾಟುಂಗಾದ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ದಿನವಿಡೀ ನಿಂತು ಕೆಲಸ ಮಾಡುತ್ತೇನೆ. ಬೆಳಿಗ್ಗೆ ಎದ್ದು ನೆಲಕ್ಕೆ ಕಾಲಿಟ್ಟರೆ ಹಿಮ್ಮಡಿಯಲ್ಲಿ ಚುಚ್ಚಿದ ಹಾಗೆ ನೋವು, ನಾಲ್ಕು ಹೆಜ್ಜೆ ನಡೆದ ಮೇಲೆ ಕಡಿಮೆಯಾಗುತ್ತದೆ. ಡಾಕ್ಟರು ಮೂಳೆಗೆ ಏನೂ ಆಗಿಲ್ಲ, ಆದರೆ ಗುಣವಾಗಲು ತಿಂಗಳುಗಳು ಬೇಕು ಎಂದರು. ಮೂಳೆ ಮುರಿದರೇ ಆರು ವಾರಗಳಲ್ಲಿ ಕೂಡುತ್ತದಲ್ಲ, ಇದಕ್ಕೇಕೆ ಅಷ್ಟು ಕಾಲ?

ಉತ್ತರ: ನಿಮ್ಮ ಪ್ರಶ್ನೆಯೊಳಗೇ ಉತ್ತರದ ಅರ್ಧ ಇದೆ. ಹಿಮ್ಮಡಿಯ ಮೂಳೆಯಿಂದ ಕಾಲ್ಬೆರಳುಗಳ ಬುಡದವರೆಗೆ ಅಂಗಾಲಿನುದ್ದಕ್ಕೂ ಗಟ್ಟಿಯಾದ ನಾರಿನ ಪಟ್ಟಿಯೊಂದು ಹಾಸಿಕೊಂಡಿದೆ. ಪಾದದ ಕಮಾನನ್ನು ಬಿಗಿಹಿಡಿದಿರುವುದು ಅದೇ. ಗಂಟೆಗಟ್ಟಲೆ ಗಟ್ಟಿ ನೆಲದ ಮೇಲೆ ನಿಂತಾಗ ಆ ಪಟ್ಟಿ ಹಿಮ್ಮಡಿಗೆ ಅಂಟಿಕೊಂಡಿರುವ ಕಡೆ ಮತ್ತೆ ಮತ್ತೆ ಎಳೆತಕ್ಕೆ ಸಿಕ್ಕಿ ಸವೆಯುತ್ತದೆ. ರಾತ್ರಿ ಮಲಗಿದಾಗ ಪಾದ ಕೆಳಕ್ಕೆ ಬಾಗಿ ಪಟ್ಟಿ ಕುಗ್ಗಿದ ಸ್ಥಿತಿಯಲ್ಲಿರುತ್ತದೆ, ಬೆಳಿಗ್ಗೆಯ ಮೊದಲ ಹೆಜ್ಜೆ ಅದನ್ನು ಥಟ್ಟನೆ ಹಿಗ್ಗಿಸುವುದರಿಂದ ಚುಚ್ಚಿದಂತಾಗುತ್ತದೆ.

ಮೂಳೆ ಮತ್ತು ಈ ಪಟ್ಟಿ ಎರಡೂ ಸಂಯೋಜಕ ಅಂಗಾಂಶಗಳೇ, ಎರಡರಲ್ಲೂ ಮುಖ್ಯ ನಾರು ಕೊಲಾಜೆನ್. ಆದರೆ ಮೂಳೆಯೊಳಗೆ ರಕ್ತನಾಳಗಳು ಹೇರಳವಾಗಿವೆ, ಹಳೆಯ ಮೂಳೆಯನ್ನು ಕರಗಿಸುವ ಆಸ್ಟಿಯೋಕ್ಲಾಸ್ಟ್ ಕೋಶಗಳೂ ಹೊಸದನ್ನು ಕಟ್ಟುವ ಆಸ್ಟಿಯೋಬ್ಲಾಸ್ಟ್ ಕೋಶಗಳೂ ಜೀವನವಿಡೀ ಕೆಲಸದಲ್ಲಿರುತ್ತವೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು, ಮೂಳೆಯನ್ನು ಮೂಳೆಗೆ ಕಟ್ಟುವ ಅಸ್ಥಿರಜ್ಜು, ಅಂಗಾಲಿನ ಈ ಪಟ್ಟಿ, ಇವುಗಳಲ್ಲಿ ಕೊಲಾಜೆನ್ ಕಟ್ಟುಗಳು ಸಾಲುಸಾಲಾಗಿ ಒತ್ತಿಕೊಂಡಿದ್ದು ನಡುವೆ ಸಂದುಗಳಲ್ಲಿ ಕೆಲವೇ ಕೋಶಗಳು ಸಿಲುಕಿಕೊಂಡಿರುತ್ತವೆ. ರಕ್ತವೂ ಕಡಿಮೆ. ಬಲಕ್ಕಾಗಿ ನಾರು ಹೆಚ್ಚಿದಷ್ಟೂ ದುರಸ್ತಿ ಮಾಡುವ ಕೋಶಗಳಿಗೆ ಜಾಗ ಕಡಿಮೆಯಾಗುತ್ತದೆ, ಇದನ್ನು ತಪ್ಪಿಸಿಕೊಳ್ಳಲು ದಾರಿಯಿಲ್ಲ.

ಇದು ಎಷ್ಟು ನಿಧಾನ ಎಂಬುದಕ್ಕೆ ಬೆರಗುಗೊಳಿಸುವ ಸಾಕ್ಷ್ಯವಿದೆ. 1950ರ ದಶಕದ ನಡುವಿನಿಂದ 1963ರವರೆಗೆ ಬಯಲಿನಲ್ಲಿ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲಿ ಕಾರ್ಬನ್-14ರ (ಇಂಗಾಲದ ಒಂದು ವಿಕಿರಣಶೀಲ ರೂಪ) ಪ್ರಮಾಣ ಏರಿ ಆಮೇಲೆ ಇಳಿಯುತ್ತ ಬಂತು. ಆಹಾರದ ಮೂಲಕ ಆ ಕಾರ್ಬನ್ ಎಲ್ಲರ ಮೈ ಸೇರಿತು, ಹಾಗಾಗಿ ಅಂಗಾಂಶದಲ್ಲಿ ಅದು ಎಷ್ಟಿದೆ ಎಂಬುದರಿಂದ ಆ ಅಂಗಾಂಶ ಯಾವ ಕಾಲದಲ್ಲಿ ಕಟ್ಟಿಕೊಂಡಿತೆಂದು ಅಂದಾಜು ಮಾಡಬಹುದು. ಡೆನ್ಮಾರ್ಕಿನ ಸಂಶೋಧಕರು ಹಿಮ್ಮಡಿಯ ಹಿಂದಿನ ಅಕಿಲಿಸ್ ಸ್ನಾಯುರಜ್ಜುವಿನ ತಿರುಳಿನಲ್ಲಿ ಆ ಕಾರ್ಬನ್ನನ್ನು ಅಳೆದು 2013ರಲ್ಲಿ ಪ್ರಕಟಿಸಿದ ಪ್ರಕಾರ, ಸುಮಾರು 17 ವರ್ಷದ ವಯಸ್ಸಿನವರೆಗೆ ಕಟ್ಟಿಕೊಂಡ ತಿರುಳು ಅನಂತರ ಬಹುಮಟ್ಟಿಗೆ ಬದಲಾಗುವುದೇ ಇಲ್ಲ. ಹುಡುಗನಾಗಿದ್ದಾಗ ಊರಿನಲ್ಲಿ ಉಂಡ ಅನ್ನದಿಂದ ಕಟ್ಟಿದ ನಾರಿನ ಮೇಲೆಯೇ ಇಂದಿಗೂ ನಿಂತಿದ್ದೀರಿ ಎಂದರೆ ಅದು ಅಕ್ಷರಶಃ ಸತ್ಯಕ್ಕೆ ತೀರಾ ಹತ್ತಿರ.

ಹಾಗೆಂದು ಧೈರ್ಯಗೆಡಬೇಡಿ. ಈ ನೋವು ಹೆಚ್ಚಿನವರಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆ ಒಂದು ವರ್ಷದೊಳಗೆ ಹೋಗುತ್ತದೆ. ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮೊದಲೇ ಕಾಲ್ಬೆರಳುಗಳನ್ನು ಕೈಯಿಂದ ಮೊಣಕಾಲಿನ ಕಡೆಗೆ ಎಳೆದು ಹಿಡಿದು ಅಂಗಾಲನ್ನು ಹಿಗ್ಗಿಸಿ. ಗೋಡೆಗೆ ಕೈಕೊಟ್ಟು ನಿಂತು ಮೀನಖಂಡವನ್ನು ದಿನಕ್ಕೆ ಕೆಲವು ಸಲ ಹಿಗ್ಗಿಸಿ. ಸವೆದ ಹವಾಯಿ ಚಪ್ಪಲಿ ಬಿಟ್ಟು ಹಿಮ್ಮಡಿಗೆ ಮೆತ್ತನೆಯ ಆಸರೆಯಿರುವ ಪಾದರಕ್ಷೆ ಹಾಕಿಕೊಳ್ಳಿ. ಕಾವಲಿಯ ಮುಂದೆ ದಪ್ಪ ರಬ್ಬರಿನ ಹಾಸು ಹಾಕಿಸಿಕೊಡಿ ಎಂದು ನಿಮ್ಮ ಧಣಿಗಳನ್ನು ಧಾರಾಳವಾಗಿ ಕೇಳಿ. ಆ ಖರ್ಚು ಅವರಿಗೆ ದೊಡ್ಡದಲ್ಲ, ಅದನ್ನು ಕೇಳುವುದು ನಿಮ್ಮ ಹಕ್ಕು ಎಂದೇ ನಾನು ತಿಳಿದಿದ್ದೇನೆ.

ಪ್ರಶ್ನೆ: ಪಿಂಪ್ರಿಯಿಂದ ಬರೆಯುತ್ತಿದ್ದೇನೆ. ವಯಸ್ಸು ಐವತ್ತು ದಾಟಿತು. ಮೊಣಕಾಲು ನೋವಿಗೂ ಮುಖದ ಸುಕ್ಕಿಗೂ ಕೊಲಾಜೆನ್ ಪುಡಿ ತೆಗೆದುಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ನಾವು ಸಸ್ಯಾಹಾರಿಗಳು. ಇದು ನಿಜವಾಗಿ ಬೇಕೇ?

ಉತ್ತರ: ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಕಾರಣವನ್ನು ವಿವರಿಸುತ್ತೇನೆ. ಮೊದಲಿಗೆ, ಕೊಲಾಜೆನ್ ಪ್ರಾಣಿಗಳಲ್ಲಿ ಮಾತ್ರ ಇರುವ ಪ್ರೋಟೀನು. ಮಾರಾಟವಾಗುವ ಪುಡಿ ಸಾಮಾನ್ಯವಾಗಿ ದನ, ಹಂದಿ ಅಥವಾ ಮೀನಿನ ಚರ್ಮ ಮತ್ತು ಮೂಳೆಗಳಿಂದ ತೆಗೆದದ್ದು. ಸಸ್ಯಾಹಾರಿಗಳು ಡಬ್ಬಿಯ ಮೇಲಿನ ಗುರುತನ್ನು ನೋಡಿಕೊಳ್ಳಬೇಕು. ಎರಡನೆಯದಾಗಿ, ನುಂಗಿದ ಕೊಲಾಜೆನ್ ಇಡಿಯಾಗಿ ಮೊಣಕಾಲಿಗೆ ಹೋಗಿ ಕೂರುವುದಿಲ್ಲ. ಬೇಳೆಯ ಪ್ರೋಟೀನಿನಂತೆ ಅದೂ ಕರುಳಿನಲ್ಲಿ ಅಮೈನೋ ಆಮ್ಲಗಳಾಗಿ, ಅವುಗಳ ಚಿಕ್ಕ ತುಂಡುಗಳಾಗಿ ಒಡೆದೇ ರಕ್ತ ಸೇರುತ್ತದೆ. ಚರ್ಮದ ತೇವ ಸ್ವಲ್ಪ ಹೆಚ್ಚಿತೆಂದು ಹೇಳುವ ಅಧ್ಯಯನಗಳಿವೆ, ಆದರೆ ಅವುಗಳಲ್ಲಿ ಹಲವಕ್ಕೆ ಪುಡಿ ತಯಾರಿಸುವವರದೇ ಹಣ ಎಂಬುದನ್ನೂ ನೆನಪಿನಲ್ಲಿಡಬೇಕು.

ನಮ್ಮ ದೇಹ ತನ್ನ ಕೊಲಾಜೆನ್ನನ್ನು ತಾನೇ ಹೆಣೆಯುತ್ತದೆ, ಮತ್ತು ಆ ಹೆಣಿಗೆಯ ವಿನ್ಯಾಸವನ್ನು ಬಿಡಿಸಿದವರು ಭಾರತೀಯರು. ಮದರಾಸು ವಿಶ್ವವಿದ್ಯಾಲಯದಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ ಅವರು ಎಕ್ಸ್-ರೇ ಚಿತ್ರಗಳ ಆಧಾರದಲ್ಲಿ, ಕೊಲಾಜೆನ್ ಅಣುವಿನಲ್ಲಿ ಮೂರು ಎಳೆಗಳು ಒಂದರ ಸುತ್ತ ಒಂದು ಹುರಿಗೊಂಡಿರುತ್ತವೆ ಎಂದು 1954–55ರಲ್ಲಿ ತೋರಿಸಿಕೊಟ್ಟರು. ತೆಂಗಿನ ನಾರನ್ನು ಹೊಸೆದು ಹಗ್ಗ ಮಾಡಿದಂತೆಯೇ ಆ ಅಣುಗಳು ಸೇರಿ ಸೂಕ್ಷ್ಮ ತಂತು, ತಂತುಗಳು ಸೇರಿ ನಾರು, ನಾರುಗಳು ಸೇರಿ ಕಟ್ಟು ಆಗುತ್ತದೆ. ಮೂರು ಎಳೆಗಳು ಅಷ್ಟು ಬಿಗಿಯಾಗಿ ಹತ್ತಿರ ಬರಬೇಕಾದರೆ ಪ್ರತಿ ಮೂರನೆಯ ಸ್ಥಾನದಲ್ಲಿ ಅತಿ ಚಿಕ್ಕ ಅಮೈನೋ ಆಮ್ಲವಾದ ಗ್ಲೈಸಿನ್ನೇ ಇರಬೇಕು, ದೊಡ್ಡದಕ್ಕೆ ಒಳಗೆ ಜಾಗವಿಲ್ಲ. ಕೆಲವು ಆನುವಂಶಿಕ ರೋಗಗಳಲ್ಲಿ ಗ್ಲೈಸಿನ್ನಿನ ಸ್ಥಾನಕ್ಕೆ ಒಂದೇ ಒಂದು ಬೇರೆ ಅಮೈನೋ ಆಮ್ಲ ಬಂದು ಕೂತು, ಹುಟ್ಟಿದ ಮಗುವಿನ ಮೂಳೆಗಳು ಸಣ್ಣ ಪೆಟ್ಟಿಗೂ ಮುರಿಯುವಂತಾಗುತ್ತವೆ.

ಹುರಿ ಬಿಚ್ಚಿಕೊಳ್ಳದಿರಲು ಪ್ರೋಲೀನ್ ಎಂಬ ಅಮೈನೋ ಆಮ್ಲಕ್ಕೆ ಒಂದು ಸಣ್ಣ ಮಾರ್ಪಾಟು ಆಗಬೇಕು, ಆ ಮಾರ್ಪಾಟು ಮಾಡುವ ಕಿಣ್ವ ಕೆಲಸ ಮಾಡಲು ಸಿ ಜೀವಸತ್ವ ಬೇಕು. ಹಿಂದೆ ತಿಂಗಳುಗಟ್ಟಲೆ ಹಡಗಿನಲ್ಲಿದ್ದ ನಾವಿಕರಿಗೆ ಹಣ್ಣು ತರಕಾರಿ ಸಿಗದೆ ಸ್ಕರ್ವಿ ಬರುತ್ತಿತ್ತು: ವಸಡಿನಿಂದ ರಕ್ತ ಸೋರುವುದು, ಹಲ್ಲು ಅಲುಗಾಡುವುದು, ವರ್ಷಗಳ ಹಿಂದೆ ಮಾಯ್ದ ಗಾಯ ಮತ್ತೆ ತೆರೆದುಕೊಳ್ಳುವುದು. ಕಿತ್ತಳೆ ಮತ್ತು ನಿಂಬೆಯಿಂದ ಅದು ಗುಣವಾಗುತ್ತದೆಂದು ಬ್ರಿಟಿಷ್ ನೌಕಾಪಡೆಯ ವೈದ್ಯ ಜೇಮ್ಸ್ ಲಿಂಡ್ 1747ರಲ್ಲಿ ಹಡಗಿನ ಮೇಲೆಯೇ ಪ್ರಯೋಗ ಮಾಡಿ ಕಂಡರು. ಆದ್ದರಿಂದ, ಅಮ್ಮಾ, ಪುಡಿಯ ಹಣದಲ್ಲಿ ಬೇಳೆ, ಕಾಳು, ಹಾಲು, ಜೊತೆಗೆ ನೆಲ್ಲಿಕಾಯಿ, ಸೀಬೆಹಣ್ಣು, ಊಟಕ್ಕೆ ಹಿಂಡಿದ ನಿಂಬೆ ಇಟ್ಟುಕೊಂಡರೆ ಸಾಕು. ಬಿಸಿಲಿನ ಅತಿನೇರಳೆ ಕಿರಣ ಮತ್ತು ತಂಬಾಕು ಚರ್ಮದ ಕೊಲಾಜೆನ್ನನ್ನು ಒಡೆಯುತ್ತವೆ, ಸುಕ್ಕಿನ ಚಿಂತೆಯಿದ್ದರೆ ಗಮನ ಕೊಡಬೇಕಾದದ್ದು ಅಲ್ಲಿ.

ಮೊಣಕಾಲಿನ ವಿಷಯ ಬೇರೆ. ಅಲ್ಲಿ ಸವೆಯುವುದು ಮೃದ್ವಸ್ಥಿ, ಎಂದರೆ ಕೀಲಿನಲ್ಲಿ ಮೂಳೆಗಳ ತುದಿಯನ್ನು ಹೊದ್ದಿರುವ ನುಣುಪಾದ ಅಂಗಾಂಶ. ಅದರಲ್ಲಿ ರಕ್ತನಾಳಗಳೇ ಇಲ್ಲ, ಅದರ ಕೋಶಗಳಿಗೆ ಆಹಾರ ಬರುವುದು ಮುಖ್ಯವಾಗಿ ಕೀಲಿನೊಳಗಿನ ದ್ರವದಿಂದ. ಕಾಲೂರಿದಾಗ ಮೃದ್ವಸ್ಥಿ ಒತ್ತಿ ದ್ರವ ಹೊರಬರುತ್ತದೆ, ಎತ್ತಿದಾಗ ಒಳಹೋಗುತ್ತದೆ. ನೋವೆಂದು ಪೂರ್ತಿ ಕೂತುಬಿಟ್ಟರೆ ಈ ಒತ್ತು ನಿಂತುಹೋಗುತ್ತದೆ. ವೈದ್ಯರಿಗೆ ತೋರಿಸಿ, ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ ಕಲಿತು, ಸಮತಟ್ಟಾದ ಜಾಗದಲ್ಲಿ ನಡೆಯಿರಿ.

ಪ್ರಶ್ನೆ: ವಾಸ್ಕೋದಲ್ಲಿ ಶಿಕ್ಷಕಿಯಾಗಿದ್ದೇನೆ. ಮೂಳೆಯಲ್ಲಿ ನಾರೂ ಖನಿಜವೂ ಇದೆ ಎಂಬುದನ್ನು ಮಕ್ಕಳಿಗೆ ತೋರಿಸಿಕೊಡುವ ಸುಲಭದ ಪ್ರಯೋಗವಿದೆಯೇ?

ಉತ್ತರ: ಇದೆ, ಗೋವಾದ ಅಡುಗೆಮನೆಗಳಲ್ಲಿ ವಿನೆಗರ್‌ಗೆ ಬರವಿಲ್ಲ. ಕೋಳಿಯ ಕಾಲಿನ ಮೂಳೆಯ ಮಾಂಸವನ್ನೆಲ್ಲ ತೆಗೆದು ಗಾಜಿನ ಬಾಟಲಿಯಲ್ಲಿ ವಿನೆಗರ್‌ನೊಳಗೆ ಮುಳುಗಿಸಿಡಿ, ಮುಚ್ಚಳವನ್ನು ಬಿಗಿಯಾಗಿ ತಿರುಗಿಸಬೇಡಿ. ಸಣ್ಣ ಗುಳ್ಳೆಗಳು ಏಳುತ್ತವೆ. ಮೂಳೆಯ ಖನಿಜದಲ್ಲಿ ಸೇರಿಕೊಂಡಿರುವ ಕಾರ್ಬೊನೇಟ್ ಕರಗಿ ಇಂಗಾಲದ ಡೈಆಕ್ಸೈಡ್ ಆಗುವುದರ ಗುರುತು ಅದು. ನಡುನಡುವೆ ಹೊಸ ವಿನೆಗರ್ ಹಾಕುತ್ತ ಹಲವು ದಿನ ಬಿಟ್ಟರೆ ಮೂಳೆಯ ಆಕಾರ ಹಾಗೆಯೇ ಉಳಿದು ಅದು ಬೆರಳಿನಲ್ಲಿ ಬಾಗತೊಡಗುತ್ತದೆ. ಉಳಿದಿರುವುದು ಕೊಲಾಜೆನ್. ಇದಕ್ಕೆ ವಿರುದ್ಧವಾಗಿ ಇನ್ನೊಂದು ಮೂಳೆಯನ್ನು ಕೆಂಡದಲ್ಲಿ ಚೆನ್ನಾಗಿ ಸುಟ್ಟರೆ (ಇದನ್ನು ದೊಡ್ಡವರೇ ಹೊರಗೆ ಬಯಲಿನಲ್ಲಿ ಮಾಡಬೇಕು) ನಾರು ಉರಿದುಹೋಗಿ ಖನಿಜ ಮಾತ್ರ ಉಳಿಯುತ್ತದೆ, ಒತ್ತಿದರೆ ಪುಡಿಯಾಗುತ್ತದೆ. ನಮ್ಮ ಮೂಳೆಯ ತೂಕದಲ್ಲಿ ಸುಮಾರು ಮೂರನೇ ಎರಡು ಭಾಗ ಖನಿಜ. ಎರಡೂ ಮೂಳೆಗಳನ್ನು ಮಕ್ಕಳ ಕೈಗೇ ಕೊಟ್ಟು, ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಸಿ.

ಪ್ರಶ್ನೆ: ಭಾಂಡುಪ್‌ನಿಂದ. ಮಗಳಿಗೆ ಕಿವಿಯ ಮೇಲ್ಭಾಗದಲ್ಲಿ ಚುಚ್ಚಿಸಿದ ಜಾಗದಲ್ಲಿ ಗಂಟು ಬೆಳೆದು ದೊಡ್ಡದಾಗುತ್ತಲೇ ಇದೆ. ಕತ್ತರಿಸಿ ತೆಗೆಸಿಬಿಡೋಣವೆಂದಿದ್ದೇವೆ. ಮಾಡಬಹುದೇ?

ಉತ್ತರ: ಅವಸರ ಮಾಡಬೇಡಿ. ನೀವು ವರ್ಣಿಸಿರುವುದು ಕೀಲಾಯ್ಡ್ ಇರಬಹುದು, ಚರ್ಮರೋಗ ತಜ್ಞರು ನೋಡಿ ಖಚಿತಪಡಿಸಬೇಕು. ಗಾಯವಾದಾಗ ಫೈಬ್ರೋಬ್ಲಾಸ್ಟ್‌ಗಳು ಮೊದಲು ತೆಳು ಕೊಲಾಜೆನ್ನಿನ ತಾತ್ಕಾಲಿಕ ಹೆಣಿಗೆ ಹಾಕಿ, ಅನಂತರ ವಾರಗಳ ಕಾಲ ಅದನ್ನು ಕಿತ್ತು ದಪ್ಪ ಕೊಲಾಜೆನ್ನಿನಿಂದ ಮತ್ತೆ ಹೆಣೆಯುತ್ತವೆ. ಸಾಕು ಎಂಬ ಸೂಚನೆ ಸಿಕ್ಕಾಗ ಅವು ನಿಲ್ಲಬೇಕು. ಕೀಲಾಯ್ಡ್‌ನಲ್ಲಿ ಅವು ನಿಲ್ಲದೆ ನಾರನ್ನು ಸುರಿಯುತ್ತಲೇ ಹೋಗುವುದರಿಂದ ಗಂಟು ಮೂಲ ಗಾಯದ ಎಲ್ಲೆಯನ್ನೂ ದಾಟಿ ಬೆಳೆಯುತ್ತದೆ. ಕಿವಿ, ಎದೆ, ಭುಜಗಳಲ್ಲಿ ಇದು ಹೆಚ್ಚು, ಕಪ್ಪು ಮೈಬಣ್ಣದವರಲ್ಲಿ ಹೆಚ್ಚು, ಕೆಲವು ಮನೆತನಗಳಲ್ಲಿ ಹೆಚ್ಚು. ಬರಿದೇ ಕತ್ತರಿಸಿದರೆ ಆ ಕತ್ತರಿಸಿದ್ದೇ ಹೊಸ ಗಾಯವಾಗಿ ಗಂಟು ಮೊದಲಿಗಿಂತ ದೊಡ್ಡದಾಗಿ ಮರಳಬಹುದು. ಸ್ಟೀರಾಯ್ಡ್ ಚುಚ್ಚುಮದ್ದನ್ನು ಗಂಟಿನೊಳಗೇ ಕೆಲವು ವಾರಗಳ ಅಂತರದಲ್ಲಿ ಕೊಡುವುದು, ಸಿಲಿಕೋನ್ ಹಾಳೆ, ಕಿವಿಗೆ ಒತ್ತಡದ ಕ್ಲಿಪ್, ಇವುಗಳಿಂದ ಅನೇಕರಲ್ಲಿ ಗಂಟು ಕುಗ್ಗುತ್ತದೆ. ಶಸ್ತ್ರಚಿಕಿತ್ಸೆ ಬೇಕೇ ಆದರೆ ಇವುಗಳ ಜೊತೆಯಲ್ಲಿ ಮಾಡುತ್ತಾರೆ. ಮಗಳಿಗೆ ಇನ್ನೊಂದು ಕಿವಿಯ ಮೇಲ್ಭಾಗ ಚುಚ್ಚಿಸಬೇಡಿ, ಮುಂದೆ ಯಾವುದೇ ಆಪರೇಷನ್ ಆಗುವ ಸಂದರ್ಭ ಬಂದರೆ ಈ ಗಂಟಿನ ವಿಷಯವನ್ನು ಸರ್ಜನ್‌ಗೆ ಮೊದಲೇ ತಿಳಿಸಿ.